ಬೊರೊಬುದುರಿನ ಮುಚ್ಚಿಟ್ಟ ಪಾದ

1882ರಲ್ಲಿ ಬೊರೊಬುದುರಿನ ಆಯುಷ್ಯ ಒಂದು ಸರ್ಕಾರಿ ಸಹಿಗಾಗಿ ಕಾದು ನಿಂತಿತ್ತು. ಆಗ ಜಾವಾ ದ್ವೀಪ ಡಚ್ಚರ ಕೈಯಲ್ಲಿತ್ತು. ಪುರಾತನ ವಸ್ತುಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ ಒಂದು ಸಲಹೆ ಮುಂದಿಟ್ಟಿದ್ದ: ಕಟ್ಟಡ ಗಟ್ಟಿಯಾಗಿಲ್ಲ, ಪೂರ್ತಿ ಬಿಚ್ಚಿ ಉಬ್ಬುಶಿಲ್ಪಗಳನ್ನು ವಸ್ತುಸಂಗ್ರಹಾಲಯಗಳಿಗೆ ಸಾಗಿಸಿಬಿಡುವುದು ಲೇಸು. ಸಲಹೆಗೆ ಒಪ್ಪಿಗೆ ಬಿದ್ದಿದ್ದರೆ ಜಗತ್ತಿನ ಅತಿ ದೊಡ್ಡ ಬೌದ್ಧ ಸ್ಮಾರಕ ತುಂಡುತುಂಡಾಗಿ ಹಂಚಿಹೋಗುತ್ತಿತ್ತು. ಸರ್ಕಾರ ಅವಸರಪಡಲಿಲ್ಲ. ಗ್ರುನೆವೆಲ್ಟ್ ಎಂಬ ವಿದ್ವಾಂಸನಿಗೆ ಇನ್ನೊಮ್ಮೆ ಪರೀಕ್ಷಿಸಲು ಹೇಳಿತು. ಅಷ್ಟು ಹೆದರಬೇಕಾದ್ದೇನೂ ಇಲ್ಲ, ಇದ್ದಲ್ಲೇ ಇರಲಿ ಎಂದು ಅವನು ಹೇಳಿದ್ದರಿಂದ ಗುಡಿ ಉಳಿಯಿತು. ಉಳಿದದ್ದರಿಂದಲೇ ಮೂರು ವರ್ಷಗಳ ನಂತರ ಎಂಜಿನಿಯರ್ ಒಬ್ಬನಿಗೆ ಅದರ ಬುಡದಲ್ಲಿ ಏನೋ ಲೆಕ್ಕ ತಪ್ಪಿದೆ ಎಂಬ ಅನುಮಾನ ಹುಟ್ಟಲು ಅವಕಾಶವಾಯಿತು.

ಗುಡಿಯಿದ್ದದ್ದು ಮಧ್ಯ ಜಾವಾದ ಕೆಡು ಬಯಲಿನಲ್ಲಿ. ಪೂರ್ವಕ್ಕೆ ಮೆರಾಪಿ, ಮೆರ್ಬಾಬು, ವಾಯವ್ಯಕ್ಕೆ ಸುಂಬಿಂಗ್, ಸಿಂದೊರೊ, ಎಲ್ಲವೂ ಜ್ವಾಲಾಮುಖಿಗಳು. ದಕ್ಷಿಣಕ್ಕೆ ಮೆನೊರೆ ಗುಡ್ಡಗಳ ಮೊನಚು ಸಾಲು. ಬೆಟ್ಟಗಳು ಉಗುಳಿದ ಬೂದಿಯಿಂದ ಆ ನೆಲದಲ್ಲಿ ಭತ್ತ ಸಮೃದ್ಧವಾಗಿ ಬೆಳೆಯಿತು. ಅವು ಕಾರಿದ ಲಾವಾ ತಣಿದು ಕಪ್ಪು ಆಂಡಿಸೈಟ್ ಕಲ್ಲಾಯಿತು, ಹೊಳೆಗಳ ಪಾತ್ರದಲ್ಲಿ ಬಂದು ಬಿತ್ತು. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಶೈಲೇಂದ್ರ ಅರಸರ ಆಳ್ವಿಕೆಯಲ್ಲಿ ಆ ಕಲ್ಲನ್ನೇ ಹೊತ್ತು ತಂದು ಒಂದು ಗುಡ್ಡದ ಮೈಗೆ ತೊಡಿಸಿದರು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕೂರಿಸಿದರು. ಸುಮಾರು 55,000 ಘನ ಮೀಟರ್ ಕಲ್ಲು ಬೇಕಾಯಿತು. ಕೆಳಗೆ ಚೌಕಾಕಾರದ ಜಗಲಿಗಳು, ಅವುಗಳ ಮೇಲೆ ಮೂರು ದುಂಡು ಜಗಲಿಗಳು, ಅಲ್ಲಿ ರಂಧ್ರಗಳಿರುವ 72 ಸ್ತೂಪಗಳು, ನಟ್ಟನಡುವೆ ಮಹಾಸ್ತೂಪ. ಬುದ್ಧನ ಮೂರ್ತಿಗಳೇ 504. ಗರ್ಭಗುಡಿ ಎಂಬುದೇ ಇಲ್ಲ. ಭಕ್ತ ಒಳಗೆ ಹೋಗುವಂತಿರಲಿಲ್ಲ. ಗೋಡೆಯ ಶಿಲ್ಪಗಳನ್ನು ಓದುತ್ತ, ಸುತ್ತುತ್ತ ಮೇಲಕ್ಕೆ ಹೋಗಬೇಕಿತ್ತು.

ಹತ್ತನೆಯ ಶತಮಾನದಲ್ಲಿ ಅರಸೊತ್ತಿಗೆ ಪೂರ್ವ ಜಾವಾಕ್ಕೆ ಹೋಯಿತು. ಆಮೇಲೆ ಬೂದಿ ಬಿತ್ತು, ಮಳೆ ಸುರಿಯಿತು, ಬೀಜಗಳು ಬೇರು ಬಿಟ್ಟವು. ಆದರೂ ಗುಡಿ ಯಾರಿಗೂ ಗೊತ್ತಿಲ್ಲದಂತೆ ಕಣ್ಮರೆಯಾಯಿತು ಎನ್ನುವುದು ಸುಳ್ಳು. ಸುತ್ತಲಿನ ಹಳ್ಳಿಯವರಿಗೆ ಆ ಗುಡ್ಡ ಗೊತ್ತಿತ್ತು, ಅದರ ಬಗ್ಗೆ ಭಯವೂ ಇತ್ತು. 1757ರಲ್ಲಿ ಯೋಗ್ಯಕರ್ತದ ರಾಜಕುಮಾರನೊಬ್ಬ, ಹೋಗಬಾರದು ಎಂಬ ಮಾತನ್ನು ಮೀರಿ, ಪಂಜರದಲ್ಲಿ ಕೂತ ವೀರನನ್ನು ನೋಡಲು ಹೋದನಂತೆ, ಮರಳಿದವನೇ ಕಾಯಿಲೆ ಬಿದ್ದು ಸತ್ತನಂತೆ. ಹೀಗೆಂದು ಜಾವಾದ ಬಖೈರುಗಳು ಹೇಳುತ್ತವೆ. ರಂಧ್ರದ ಸ್ತೂಪದೊಳಗೆ ಕಾಣುವ ಬುದ್ಧನೇ ಆ ಪಂಜರದ ವೀರ.

1814ರ ಹೊತ್ತಿಗೆ ಜಾವಾ ತಾತ್ಕಾಲಿಕವಾಗಿ ಬ್ರಿಟಿಷರ ಕೈಸೇರಿತ್ತು. ಲೆಫ್ಟಿನೆಂಟ್ ಗವರ್ನರ್ ಸ್ಟ್ಯಾಂಫರ್ಡ್ ರಾಫಲ್ಸ್ ಸೆಮಾರಂಗ್ ಪಟ್ಟಣಕ್ಕೆ ಬಂದಿದ್ದಾಗ, ಬುಮಿಸೆಗೊರೊ ಹಳ್ಳಿಯ ಬಳಿ ಕಾಡು ಬೆಳೆದ ಒಂದು ದೊಡ್ಡ ಕಟ್ಟಡವಿದೆ ಎಂಬ ಮಾತು ಕಿವಿಗೆ ಬಿತ್ತು. ತಾನೇ ಹೋಗಲು ಬಿಡುವಿರಲಿಲ್ಲ. ಕಾರ್ನೀಲಿಯಸ್ ಎಂಬ ಡಚ್ ಎಂಜಿನಿಯರನನ್ನು ಕಳಿಸಿದ. ಕಾರ್ನೀಲಿಯಸ್ ಇನ್ನೂರು ಆಳುಗಳನ್ನು ಕಟ್ಟಿಕೊಂಡು ಎರಡು ತಿಂಗಳು ಮರ ಕಡಿದ, ಪೊದೆ ಸುಟ್ಟ, ಮಣ್ಣು ಹೊತ್ತು ಹಾಕಿಸಿದ. ಕಾಡಿನ ಕೆಳಗಿನಿಂದ ಜಗಲಿಯ ಮೇಲೆ ಜಗಲಿ ಎದ್ದು ಬಂತು. ಕೆಲವು ಕಡೆ ಮಣ್ಣು ತೆಗೆದರೆ ಗೋಡೆಯೇ ಕೆಳಕ್ಕೆ ಬರುವ ಹಾಗಿತ್ತು. ಅಂಥ ಕಡೆ ಅವನು ಕೈಹಾಕಲಿಲ್ಲ. ಮಣ್ಣೂ ಕಲ್ಲೂ ಒಂದಕ್ಕೊಂದು ಆತುಕೊಂಡು ನಿಂತ ಈ ಗುಡಿಯ ಗುಣ ಅಂದೇ ಗೋಚರವಾಗಿತ್ತು. ಅದು ಎಷ್ಟು ಮುಖ್ಯವಾದ ಸುಳಿವು ಎಂಬುದು ಮಾತ್ರ ಗೊತ್ತಾಗಲು ಕಾಲ ಬೇಕಾಯಿತು.

ಉಳಿದ ಮಣ್ಣನ್ನು 1835ರಲ್ಲಿ ಕೆಡು ಪ್ರಾಂತದ ಅಧಿಕಾರಿ ಹಾರ್ಟ್‌ಮನ್ ತೆಗೆಸಿದ. 1849ರಿಂದ ವಿಲ್ಸೆನ್ ಎಂಬ ಚಿತ್ರಕಾರ ಒಂದೊಂದು ಶಿಲ್ಪದ ಎದುರೂ ಕೂತು ನಕಲು ಬರೆದ. ವರ್ಷಗಟ್ಟಲೆ ಹಿಡಿದ ಕೆಲಸ. ಅವನ ನೂರಾರು ಚಿತ್ರಗಳ ಆಧಾರದ ಮೇಲೆ 1873ರಲ್ಲಿ ಲೀಮನ್ಸ್ ಎಂಬ ಪಂಡಿತನ ದೊಡ್ಡ ಗ್ರಂಥ ಪ್ರಕಟವಾಯಿತು. ಅದೇ ವರ್ಷ ಫಾನ್ ಕಿನ್ಸ್‌ಬರ್ಗೆನ್ ಎಂಬವನು ಗುಡಿಯ ಫೋಟೋ ತೆಗೆದ. ಬೊರೊಬುದುರಿನಲ್ಲಿ ಇರುವುದನ್ನೆಲ್ಲ ನೋಡಿಯಾಯಿತು, ಬರೆದಾಯಿತು, ಅಚ್ಚಾಯಿತು ಎಂದು ಎಲ್ಲರೂ ನಿರಾಳರಾದರು. ಯುರೋಪಿನ ಪ್ರವಾಸಿಗಳು ಬರತೊಡಗಿದರು. ಗುಡಿಯ ಸುತ್ತ ಇದ್ದ ಅಗಲವಾದ ಕಲ್ಲಿನ ಜಗಲಿಯ ಮೇಲೆ ಹೆಜ್ಜೆ ಹಾಕುತ್ತ ಅವರು ಮೇಲೆ ನೋಡುತ್ತಿದ್ದರು. ಕೆಳಗೆ ನೋಡಬೇಕು ಎಂದು ಯಾರಿಗೂ ತೋಚಲಿಲ್ಲ.

ಯಾನ್ ವಿಲ್ಲೆಮ್ ಐಸರ್‌ಮನ್‌ಗೆ ತೋಚಿತು. ಅವನು ರೈಲು ಹಳಿ ಹಾಕಿಸುವ ಎಂಜಿನಿಯರ್. ಆಗಿನ್ನೂ ಮೂವತ್ತನಾಲ್ಕರ ಆಸುಪಾಸು. ಕೆಲಸದ ಮೇಲೆ ಜಾವಾಕ್ಕೆ ಬಂದವನಿಗೆ ಹಳೆಯ ಗುಡಿಗಳ ಹುಚ್ಚು ಹಿಡಿಯಿತು. 1885ರಲ್ಲಿ ಯೋಗ್ಯಕರ್ತದಲ್ಲಿ ಪುರಾತತ್ವ ಸಂಘ ಕಟ್ಟಿದ. ಪಂಡಿತರು ಗುಡಿಯನ್ನು ಕತೆಗಾಗಿ ನೋಡುತ್ತಿದ್ದರು. ಇವನು ಭಾರ ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಿದ್ದ. ಆ ವರ್ಷ ಬೊರೊಬುದುರಿನ ಬುಡವನ್ನು ಪರೀಕ್ಷಿಸುವಾಗ ಅಗಲ ಜಗಲಿಯೂ ಅದರ ಹಿಂದಿನ ಗೋಡೆಯೂ ಒಂದೇ ಕಟ್ಟಡದ ಭಾಗಗಳ ಹಾಗೆ ಅವನಿಗೆ ಕಾಣಲಿಲ್ಲ. ಗೋಡೆ ಜಗಲಿಯ ಮಟ್ಟಕ್ಕೆ ಬಂದು ನಿಂತಿರಲಿಲ್ಲ. ಅದರಾಚೆ ಇನ್ನೂ ಕೆಳಕ್ಕೆ ಇಳಿದಿತ್ತು.

ಕೆಲವು ಕಲ್ಲುಗಳನ್ನು ಎಬ್ಬಿಸಿದರು. ಒಳಗೆ ಇನ್ನೊಂದು ಪಾದವಿತ್ತು. ಅದೂ ಬೋಳು ಗೋಡೆಯಲ್ಲ. ಮನುಷ್ಯರು, ಮರಗಳು, ಮನೆಗಳು ಕಿಕ್ಕಿರಿದ ಉಬ್ಬುಶಿಲ್ಪ. ಸಾವಿರ ವರ್ಷ ಬಿಸಿಲು, ಮಳೆ, ಬೂದಿ, ಪಾಚಿ ಯಾವುದೂ ತಾಕದೆ ಉಳಿಯ ಏಟುಗಳು ಹಸಿಯಾಗಿಯೇ ಉಳಿದಿದ್ದವು. ಗುಡಿಯನ್ನು ಬಲ್ಲೆವು ಎಂದುಕೊಂಡಿದ್ದವರೆಲ್ಲ ಎಪ್ಪತ್ತು ವರ್ಷ ಅದರ ಮೇಲೆಯೇ ಓಡಾಡಿದ್ದರು.

ಈಗ ಒಂದು ಇಕ್ಕಟ್ಟು ಎದುರಾಯಿತು. ಜಗಲಿಯ ಕಲ್ಲನ್ನೆಲ್ಲ ತೆಗೆದುಬಿಟ್ಟರೆ ಶಿಲ್ಪವೆಲ್ಲ ಒಂದೇ ಸಲಕ್ಕೆ ಕಾಣುತ್ತದೆ. ಆದರೆ ಆ ಕಲ್ಲುರಾಶಿ ಸಾವಿರಾರು ಘನ ಮೀಟರ್. ತೆಗೆದ ಮೇಲೆ ಗುಡಿ ನಿಲ್ಲುತ್ತದೆಯೇ ಎಂದು ಹೊಣೆ ಹೊತ್ತು ಹೇಳುವವರು ಯಾರೂ ಇರಲಿಲ್ಲ. ಬಿಚ್ಚಿ ಹಂಚಬೇಕು ಎಂಬ ಸಲಹೆ ಬಂದು ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಒಂದು ಮೂಲೆ ಜರಿದರೆ ಆ ಸಲಹೆಗೆ ಮತ್ತೆ ಜೀವ ಬರುತ್ತಿತ್ತು. ಕೊನೆಗೆ ತಾಳ್ಮೆ ಬೇಡುವ ಒಂದು ದಾರಿ ಹಿಡಿದರು. ಗೋಡೆಯ ಸ್ವಲ್ಪ ಭಾಗ ಬಿಚ್ಚುವುದು, ಫೋಟೋ ತೆಗೆಯುವುದು, ಅದೇ ಕಲ್ಲುಗಳಿಂದ ಮುಚ್ಚುವುದು, ಮುಂದಕ್ಕೆ ಸರಿಯುವುದು. ಹೀಗೆ ನಾಲ್ಕೂ ದಿಕ್ಕಿಗೆ ಒಂದು ಸುತ್ತು ಬರಬೇಕಿತ್ತು.

ಕ್ಯಾಮೆರಾ ಹಿಡಿಯಲು ಕರೆಸಿದ್ದು ಕಾಸಿಯಾನ್ ಸೆಫಾಸ್‌ನನ್ನು. ಅವನು ಯೋಗ್ಯಕರ್ತದವನೇ, ಜಾವಾದ ಮಣ್ಣಿನ ಮಗ, ಸುಲ್ತಾನನ ಆಸ್ಥಾನದ ಛಾಯಾಗ್ರಾಹಕ. ಆ ನೆಲದವರಲ್ಲಿ ಫೋಟೋಗ್ರಫಿಯನ್ನು ವೃತ್ತಿಯಾಗಿ ಹಿಡಿದ ಮೊದಲಿಗರ ಸಾಲಿನಲ್ಲಿ ಅವನ ಹೆಸರಿದೆ. ಇಷ್ಟು ವರ್ಷ ಬೊರೊಬುದುರಿನ ಕತೆಯಲ್ಲಿ ಜಾವಾದವರು ಮರ ಕಡಿಯುವ, ಮಣ್ಣು ಹೊರುವ ಹೆಸರಿಲ್ಲದ ಆಳುಗಳಾಗಿ ಮಾತ್ರ ಬಂದು ಹೋಗಿದ್ದರು. ಈಗ, 1890ರಲ್ಲಿ, ಅವರ ಪೂರ್ವಿಕರು ಮುಚ್ಚಿಟ್ಟದ್ದನ್ನು ಜಗತ್ತಿಗೆ ತೋರಿಸುವ ಕೆಲಸ ಅವರಲ್ಲೇ ಒಬ್ಬನ ಕೈಗೆ ಬಂತು. ಈ ಕತೆಯಲ್ಲಿ ಇದಕ್ಕಿಂತ ನ್ಯಾಯವಾದ ತಿರುವು ಇನ್ನೊಂದಿಲ್ಲ.

ಕೆಲಸ ಸುಲಭದ್ದಾಗಿರಲಿಲ್ಲ. ಬಿಚ್ಚಿದ ಜಾಗ ಕಂದಕದ ಹಾಗೆ ಆಳ, ಇಕ್ಕಟ್ಟು. ಅದರೊಳಗೆ ಬೆಳಕು ಬೀಳುವುದೇ ಕೆಲವು ಹೊತ್ತು, ಅದೂ ದಿಕ್ಕಿನಿಂದ ದಿಕ್ಕಿಗೆ ಬೇರೆ. ಮರದ ದೊಡ್ಡ ಕ್ಯಾಮೆರಾ, ಗಾಜಿನ ತಟ್ಟೆಗಳು, ಜಾವಾದ ತೇವಭರಿತ ಸೆಕೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಬೇರೆಯದೇ ಇತ್ತು: ಕಲ್ಲು ಮತ್ತೆ ಮುಚ್ಚಿದ ಮೇಲೆ ಚಿತ್ರ ಸರಿಬರಲಿಲ್ಲವೆಂದರೆ ಎರಡನೆಯ ಅವಕಾಶವಿಲ್ಲ. ಆಳುಗಳು ಕಲ್ಲು ಎತ್ತುವರು, ಸೆಫಾಸ್ ಕಪ್ಪು ಬಟ್ಟೆಯಡಿ ತಲೆ ಹಾಕುವನು, ಆಳುಗಳು ಕಲ್ಲು ಇಳಿಸುವರು. 1891ರ ಹೊತ್ತಿಗೆ ಸುತ್ತು ಪೂರ್ತಿಯಾಯಿತು. ಒಟ್ಟು 160 ಶಿಲ್ಪಫಲಕಗಳು ಅವನ ತಟ್ಟೆಗಳಿಗೆ ಇಳಿದಿದ್ದವು. ಕೊನೆಯ ಕಲ್ಲೂ ಜಾಗಕ್ಕೆ ಕೂತಿತು. ಹೊರಗಿನಿಂದ ನೋಡಿದವರಿಗೆ ಏನೂ ಆಗಿಯೇ ಇಲ್ಲವೆಂಬಂತೆ ಜಗಲಿ ಮೊದಲಿನ ಹಾಗೇ ಅಗಲವಾಗಿ ಕಾಣುತ್ತಿತ್ತು.

ಆಮೇಲೆ ಪಂಡಿತರ ಸರದಿ. ಅವರು ಸೋತರು. ಮೇಲಿನ ಜಗಲಿಗಳ ಶಿಲ್ಪಗಳು ಒಂದೊಂದಾಗಿ ಗುರುತು ಬಿಟ್ಟುಕೊಡುತ್ತಿದ್ದವು: ಇದು ಲಲಿತವಿಸ್ತರದ ಬುದ್ಧಚರಿತೆ, ಇವು ಜಾತಕ ಕತೆಗಳು, ಅದು ಗಂಡವ್ಯೂಹದ ಸುಧನ ಗುರುವನ್ನು ಅರಸಿ ಹೊರಟದ್ದು. ಕೆಳಗಿನ ಈ 160 ಫಲಕಗಳಲ್ಲಿ ಮಾತ್ರ ಒಬ್ಬ ನಾಯಕನಿಲ್ಲ, ಮುಂದುವರಿಯುವ ಕತೆಯಿಲ್ಲ. ಮೀನು ಹಿಡಿಯುವವರು, ಜಗಳವಾಡುವವರು, ಸಂಗೀತ ನುಡಿಸುವವರು, ದಾನ ಕೊಡುವವರು, ಕಾಯಿಲೆ ಬಿದ್ದವರು. ಪಕ್ಕದಲ್ಲೇ ನರಕದಲ್ಲಿ ಬೇಯುವವರು. ಒಂದು ಫಲಕದವರು ಮುಂದಿನದರಲ್ಲಿ ಇಲ್ಲವೇ ಇಲ್ಲ.

ಒಂದು ಸುಳಿವು ಮಾತ್ರ ಕಲ್ಲಿನ ಮೇಲೆಯೇ ಇತ್ತು. ಕೆಲವು ಫಲಕಗಳ ಮೇಲಂಚಿನಲ್ಲಿ ಒಂದೆರಡು ಪದ ಕೊರೆದಿದ್ದರು. ಲಿಪಿ ಜಾವಾದ ಹಳೆಯ ಕವಿ ಲಿಪಿ. ದಕ್ಷಿಣ ಭಾರತದ ಬ್ರಾಹ್ಮಿಯಿಂದ ಹುಟ್ಟಿದ್ದು, ಹಾಗಾಗಿ ನಮ್ಮ ಹಳಗನ್ನಡ ಲಿಪಿಗೂ ದೂರದ ನೆಂಟ. ಭಾಷೆ ಸಂಸ್ಕೃತ. ಸ್ವರ್ಗ, ವಿರೂಪ, ಕುಶಲ, ಛತ್ರದಾನ, ಮಿಥ್ಯಾದೃಷ್ಟಿ. ಕೆತ್ತುವ ಶಿಲ್ಪಿಗೆ ಇಲ್ಲಿ ಏನು ಬರಬೇಕು ಎಂದು ಮೇಸ್ತ್ರಿ ಬರೆದುಕೊಟ್ಟ ಸೂಚನೆಗಳು ಅವು ಎಂದು ಪಂಡಿತರು ಊಹಿಸಿದರು. ಶಿಲ್ಪ ಮುಗಿದ ಮೇಲೆ ಅಳಿಸಿಹಾಕಬೇಕಾಗಿದ್ದ ಬರಹ, ಅಳಿಸುವ ಮೊದಲೇ ಕಲ್ಲಿನ ಹಿಂದೆ ಸೇರಿಹೋಗಿತ್ತು. ಕೆಲವು ಫಲಕಗಳಂತೂ ಅರೆ ಕೆತ್ತಿದ ಸ್ಥಿತಿಯಲ್ಲೇ ಇದ್ದವು. ಯಾವುದೋ ಗ್ರಂಥವನ್ನು ಮುಂದಿಟ್ಟುಕೊಂಡೇ ಕೆತ್ತಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಆ ಗ್ರಂಥ ಯಾವುದು?

ಉತ್ತರ ಜಾವಾದಿಂದ ಬಹುದೂರ, ಹಿಮಾಲಯದ ತಪ್ಪಲಿನಲ್ಲಿ ತಾಳೆಗರಿ ಕಟ್ಟುಗಳ ನಡುವೆ ಕೂತಿತ್ತು. ಫ್ರೆಂಚ್ ಪಂಡಿತ ಸಿಲ್ವಾಂ ಲೆವಿಯನ್ನು ರವೀಂದ್ರನಾಥ ಠಾಕೂರರು 1921ರಲ್ಲಿ ಶಾಂತಿನಿಕೇತನಕ್ಕೆ ಪಾಠ ಹೇಳಲು ಕರೆಸಿಕೊಂಡರು. ಭಾರತಕ್ಕೆ ಬಂದವನು ಹಾಗೇ ನೇಪಾಳಕ್ಕೆ ಹೋಗದೆ ಹಿಂತಿರುಗುವ ಆಸಾಮಿಯಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಅಲ್ಲಿ ಅಲೆದು ಆ ನಾಡಿನ ಮೇಲೆ ಮೂರು ಸಂಪುಟ ಬರೆದಿದ್ದ. 1922ರಲ್ಲಿ ಕಠ್ಮಂಡುವಿನಲ್ಲಿ ಹಳೆಯ ಹಸ್ತಪ್ರತಿಗಳನ್ನು ತಿರುವಿ ಹಾಕುವಾಗ ಮಹಾಕರ್ಮವಿಭಂಗ ಎಂಬ ಸಂಸ್ಕೃತ ಗ್ರಂಥ ಸಿಕ್ಕಿತು. ಬುದ್ಧ ಶುಕ ಎಂಬ ಬ್ರಾಹ್ಮಣ ಯುವಕನಿಗೆ ಕರ್ಮದ ಲೆಕ್ಕ ಹೇಳಿಕೊಡುವ ಗ್ರಂಥ. ಕೆಲವರು ಅಲ್ಪಾಯುಷಿಗಳು ಯಾಕೆ, ಕೆಲವರು ದೀರ್ಘಾಯುಷಿಗಳು ಯಾಕೆ. ಒಬ್ಬ ರೋಗಿ, ಒಬ್ಬ ಆರೋಗ್ಯವಂತ. ಒಬ್ಬ ಕುರೂಪಿ, ಒಬ್ಬ ಸುಂದರ. ಒಬ್ಬ ಬಡವ, ಒಬ್ಬ ಸಿರಿವಂತ ಯಾಕೆ? ಒಂದೊಂದು ಫಲಕ್ಕೂ ಹತ್ತಾರು ಕಾರಣಗಳ ಪಟ್ಟಿ.

ಲೆವಿಗೆ ಅದು ಬೊರೊಬುದುರಿನ ಕೀಲಿಕೈ ಎಂದು ಆಗ ಗೊತ್ತಿರಲಿಲ್ಲ. ಅವನು ಹುಡುಕಿದ್ದು ಗ್ರಂಥವನ್ನು; ಅದರ ಚೀನೀ, ಟಿಬೆಟನ್ ಅನುವಾದಗಳನ್ನು ಪಕ್ಕದಲ್ಲಿಟ್ಟುಕೊಂಡು ಪಾಠ ಶುದ್ಧಿಮಾಡುವ ಕೆಲಸ ಅವನದು. ಅಷ್ಟರಲ್ಲಿ ಇತ್ತ ಪಂಡಿತ ಕ್ರೋಮ್ ಮತ್ತು ಎಂಜಿನಿಯರ್ ಫಾನ್ ಎರ್ಪ್ 1920ರಿಂದ ಬೊರೊಬುದುರಿನ ಮೇಲೆ ಬೃಹತ್ ಗ್ರಂಥ ಹೊರತರತೊಡಗಿದ್ದರು. ಮುಚ್ಚಿಟ್ಟ ಪಾದದ ಸೆಫಾಸನ ಚಿತ್ರಗಳೂ ಅದರಲ್ಲಿ ಬಂದವು. ಠಾಕೂರರು 1927ರಲ್ಲಿ ಸ್ವತಃ ಬೊರೊಬುದುರಿಗೆ ಹೋಗಿಬಂದರು, ಅದರ ಮೇಲೆ ಕವಿತೆಯನ್ನೂ ಬರೆದರು. ಅವರ ಕರೆಯಿಂದ ಭಾರತಕ್ಕೆ ಬಂದಿದ್ದ ಪಂಡಿತನ ಕೈಗೆ ಸಿಕ್ಕ ಹಸ್ತಪ್ರತಿಗೂ ಆ ಗುಡಿಯ ಬುಡಕ್ಕೂ ಇದ್ದ ನಂಟು ಆಗಿನ್ನೂ ಪ್ರಕಟವಾಗಿರಲಿಲ್ಲ.

ಕೊನೆಗೂ ಎರಡು ಒಂದೇ ಮೇಜಿನ ಮೇಲೆ ಬಂದವು: ಒಂದು ಕಡೆ ಕಠ್ಮಂಡುವಿನ ಪ್ರತಿ, ಇನ್ನೊಂದು ಕಡೆ ಜಾವಾದ ಕಂದಕದಲ್ಲಿ ತೆಗೆದ ಚಿತ್ರಗಳು. ಗ್ರಂಥ ಹೇಳಿದ ಕ್ರಮದಲ್ಲೇ ಶಿಲ್ಪಗಳು ಸಾಗಿದ್ದವು. ಮೀನು ಹಿಡಿದು ಬೇಯಿಸುವವರ ಜೊತೆ ಆಯುಸ್ಸು ತೀರಿದವರು ಬಂದರು. ವಿರೂಪ ಎಂದು ಬರೆದಲ್ಲಿ ವಿಕಾರ ಮುಖದವರು ನಿಂತಿದ್ದರು. ಛತ್ರದಾನ ಎಂದಿದ್ದ ಕಡೆ ಕೊಡೆ ದಾನ ಮಾಡಿದವರಿಗೆ ಸಿಗುವ ಸುಖವನ್ನು ಕೆತ್ತಿದ್ದರು. ಮೊದಲ 117 ಫಲಕಗಳಲ್ಲಿ ಬೇರೆ ಬೇರೆ ಕರ್ಮಗಳು ಒಂದೇ ಫಲಕ್ಕೆ ತಲುಪುತ್ತವೆ. ಉಳಿದ 43ರಲ್ಲಿ ಒಂದೇ ಕರ್ಮದಿಂದ ಹಲವು ಫಲಗಳು ಕವಲೊಡೆಯುತ್ತವೆ. ಅದಕ್ಕೇ ಅಲ್ಲಿ ಒಬ್ಬ ನಾಯಕನಿರಲಿಲ್ಲ. ಗುಡಿಗೆ ಬಂದು ಸುತ್ತುವ ಪ್ರತಿಯೊಬ್ಬನ ಬದುಕೂ ಆ ಶಿಲ್ಪಗಳ ವಸ್ತುವಾಗಿತ್ತು. ಲೆವಿ ಈ ಹೊಂದಾಣಿಕೆಯನ್ನು 1931ರಲ್ಲಿ ಲೇಡನ್‌ನಿಂದ ಹೊರಬಂದ ವಾರ್ಷಿಕ ಸಂಪುಟವೊಂದರಲ್ಲಿ ಪ್ರಕಟಿಸಿದ. ಮರುವರ್ಷ ಮೂಲ ಗ್ರಂಥವೂ ಪ್ಯಾರಿಸ್ಸಿನಲ್ಲಿ ಅಚ್ಚಾಯಿತು. ಚಿತ್ರ ತೆಗೆದ ಸೆಫಾಸ್ 1912ರಲ್ಲೇ ತೀರಿಕೊಂಡಿದ್ದ. ತಾನು ಕ್ಯಾಮೆರಾಕ್ಕೆ ಹಿಡಿದದ್ದು ಏನೆಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಜಗಲಿಯ ಕಲ್ಲು ಎಬ್ಬಿಸಿದ ಐಸರ್‌ಮನ್ ಮಾತ್ರ ಎಂಬತ್ತರ ಹಣ್ಣು ಮುದುಕನಾಗಿ ಇನ್ನೂ ಬದುಕಿದ್ದ.

ಏನು ಎಂಬುದು ಬಗೆಹರಿಯಿತು. ಯಾಕೆ ಎಂಬುದು ಬಾಕಿಯಿತ್ತು. ಇಷ್ಟು ಶ್ರಮಪಟ್ಟು ಕೆತ್ತಿದವರು ತಾವೇ ಅದನ್ನು ಮುಚ್ಚಿದ್ದು ಯಾಕೆ? ಕಾಮ, ಕ್ರೌರ್ಯ, ನರಕಗಳ ಲೋಕ ಭಕ್ತನ ಕಣ್ಣಿಗೆ ಬೀಳಬಾರದೆಂದು ಬೇಕೆಂದೇ ಮರೆಮಾಡಿದರು ಎಂದು ಕೆಲವರು ವಾದಿಸಿದರು. ಕೇಳಲು ಚೆಂದದ ಮಾತು. ಆದರೆ ಆ ಫಲಕಗಳಲ್ಲಿ ನರಕದಷ್ಟೇ ಸ್ವರ್ಗವೂ ಇದೆ, ಹಿಂಸೆಯಷ್ಟೇ ದಾನವೂ ಇದೆ. ಮುಚ್ಚಲೆಂದೇ ಕೆತ್ತುವವರು ಅರ್ಧಕ್ಕೆ ಕೈಬಿಡುವುದೂ ಇಲ್ಲ. ಶಿಲ್ಪಿಗಳು ಉಳಿ ಹಿಡಿದಿದ್ದಾಗಲೇ ಯಾವುದೋ ತುರ್ತು ಬಂದಿದೆ ಎಂದು ಆ ಅರೆಬರೆ ಫಲಕಗಳೇ ಹೇಳುತ್ತಿದ್ದವು.

ತುರ್ತು ಏನೆಂಬುದನ್ನು ಗುಡಿಯನ್ನು ಉಳಿಸಲು ಬಂದವರ ಅನುಭವ ತೋರಿಸಿತು. 1907ರಿಂದ 1911ರವರೆಗೆ ಸೇನೆಯ ಎಂಜಿನಿಯರ್ ಫಾನ್ ಎರ್ಪ್ ಬಿದ್ದ ಕಲ್ಲು ಹುಡುಕಿ, ಮೇಲಿನ ದುಂಡು ಜಗಲಿಗಳನ್ನು ಮತ್ತೆ ಕಟ್ಟಿದ. ಆದರೂ ಕೆಳಗಿನ ಗೋಡೆಗಳು ವಾಲುತ್ತಲೇ ಹೋದವು. 1975ರಿಂದ ಯುನೆಸ್ಕೋ ನೆರವಿನಿಂದ, ಇಂಡೋನೇಷ್ಯಾದ ಪುರಾತತ್ವಜ್ಞ ಸುಕ್ಮೊನೊ ಮುಂದಾಳತ್ವದಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಕಲ್ಲುಗಳನ್ನು ಬಿಚ್ಚಿ, ಒಳಗೆ ನೀರಿನ ಕಾಲುವೆಗಳನ್ನು ಕೂರಿಸಿ, ಮತ್ತೆ ಜೋಡಿಸಬೇಕಾಯಿತು. ಗುಡಿಯ ಹೊಟ್ಟೆಯಲ್ಲಿ ಇರುವುದು ಗುಡ್ಡದ ಮಣ್ಣು. ಮಳೆ ಇಳಿದಾಗ ಅದು ನೆನೆದು ಭಾರವಾಗುತ್ತದೆ, ಸಡಿಲಾಗುತ್ತದೆ, ಕಲ್ಲನ್ನು ಹೊರಕ್ಕೆ ನೂಕುತ್ತದೆ. ಕಾರ್ನೀಲಿಯಸ್ 1814ರಲ್ಲಿ ಮಣ್ಣು ತೆಗೆಯಲು ಹೆದರಿ ನಿಂತದ್ದು ಈ ಗುಣಕ್ಕೇ. ಗುಡಿ ಕಟ್ಟಿದವರೂ ಇದೇ ಆಪತ್ತನ್ನು ಎದುರಿಸಿದ್ದಿರಬೇಕು ಎಂಬುದೇ ಹೆಚ್ಚಿನ ವಿದ್ವಾಂಸರು ಒಪ್ಪಿದ ವಿವರಣೆ. ಗೋಡೆ ಎತ್ತರಕ್ಕೆ ಏಳುತ್ತಿದ್ದ ಹಾಗೆ ಬುಡ ಜಾರತೊಡಗಿತು. ಹಳೆಯ ಅರಳಿಮರದ ಬುಡಕ್ಕೆ ಊರವರು ಕಟ್ಟೆ ಕಟ್ಟುವ ಹಾಗೆ ಅವರು ಗುಡಿಯ ಸುತ್ತ ಅಗಲವಾದ ಕಲ್ಲಿನ ಜಗಲಿ ಕಟ್ಟಿ ಅದನ್ನು ತಡೆದರು. ನೂರ ಅರವತ್ತು ಶಿಲ್ಪಗಳನ್ನು ಬಲಿಕೊಟ್ಟರು, ಗುಡಿ ನಿಂತಿತು.

ಎರಡನೆಯ ಮಹಾಯುದ್ಧದಲ್ಲಿ ಜಾವಾವನ್ನು ಹಿಡಿದಿದ್ದ ಜಪಾನೀಯರು ಆಗ್ನೇಯ ಮೂಲೆಯ ಕಲ್ಲು ತೆಗೆಸಿದ್ದರಿಂದ ಅಲ್ಲಿನ ಕೆಲವು ಫಲಕಗಳು ಇಂದು ಬಯಲಿಗೆ ತೆರೆದಿವೆ. 1983ರಲ್ಲಿ ಜೀರ್ಣೋದ್ಧಾರ ಮುಗಿದಾಗಲೂ ಉಳಿದವನ್ನು ಯಾರೂ ತೆರೆಯಲು ಹೋಗಲಿಲ್ಲ. ಅವುಗಳನ್ನು ನೋಡಬೇಕೆಂದು ಬಂದವರು ಗುಡಿಯ ಆವರಣದ ಕರ್ಮವಿಭಂಗ ವಸ್ತುಸಂಗ್ರಹಾಲಯಕ್ಕೆ ಹೋಗಿ ಸೆಫಾಸನ ಫೋಟೋಗಳನ್ನು ನೋಡುತ್ತಾರೆ.